ರೊಕ್ಕ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಹೊರದೇಶದ ಕಾಣಿಕೆಯೂ ನಮ್ಮ ಕೈಯ ಹಿಡಿಯೂ

ಯೌವನಸ್ಥರ ಕೂಟದ ಸಂದೇಶ, ಕುಸನೂರ, ಕಲಬುರಗಿ
ವಾಕ್ಯಭಾಗ: 2 ಕೊರಿಂಥ 8ನೇ ಮತ್ತು 9ನೇ ಅಧ್ಯಾಯ, ಫಿಲಿಪ್ಪಿ 4:10-19, ಅಪೊಸ್ತಲರ ಕೃತ್ಯಗಳು 11:27-30

 

ಈ ಒಂದು ತಿಂಗಳಲ್ಲಿ ನಿಮ್ಮಲ್ಲಿ ಬೇರೆ ಬೇರೆ ಜನ ಬಂದು ನನ್ನ ಹತ್ತಿರ ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದು: "ಪಾಸ್ಟರ್, ಆಫ್ರಿಕಾದ ಒಂದು ಹಳ್ಳಿಯಿಂದ ಒಬ್ಬ ಸೇವಕರು ವಾಟ್ಸಾಪ್‌ನಲ್ಲಿ ಮಕ್ಕಳ ಫೋಟೋ ಕಳಿಸಿ ರೊಕ್ಕ ಕೇಳ್ತಾ ಇದ್ದಾರೆ, ಕಳಿಸಬಹುದೇನು?" ಎರಡನೆಯದು: "ಆಫೀಸಿನಲ್ಲಿ ಎಲ್ಲರೂ ನಿಮ್ಮ ಚರ್ಚ್ ಫಾರಿನ್ ರೊಕ್ಕದ ಮೇಲೆ ನಡೀತದ ಅಂತಾರ, ನಾನು ಏನು ಉತ್ತರ ಕೊಡಲಿ?" ಮೂರನೆಯದು ಸ್ವಲ್ಪ ಭಾರವಾದದ್ದು. ಕಮಲಾಪುರದ ಕಡೆ ಹಳ್ಳಿಯಲ್ಲಿ ಸೇವೆ ಮಾಡುವ ನಮ್ಮ ಸಹೋದರರನ್ನು ನೀವೆಲ್ಲ ಬಲ್ಲಿರಿ. ಅವರಿಗೆ ಹೊರದೇಶದ ಸಭೆಯೊಂದರಿಂದ ಪ್ರತಿ ತಿಂಗಳು ಬರುತ್ತಿದ್ದ ಎಂಟು ಸಾವಿರ ರೂಪಾಯಿ ನಿಂತು ಹೋಗಿದೆ. ಅವರಿಗಾಗಿ ಇನ್ನೊಂದು ಹೊರದೇಶದ ಸಭೆಗೆ ಪತ್ರ ಬರೆಯಬೇಕೋ, ಅಥವಾ ನಾವೇ ಏನಾದರೂ ಮಾಡಬೇಕೋ? ಮುಂದಿನ ಭಾನುವಾರ ಇದನ್ನು ತೀರ್ಮಾನ ಮಾಡುವುದಕ್ಕೆ ಕೂಡುತ್ತಿದ್ದೇವೆ.

ಮೂರು ಪ್ರಶ್ನೆ ಬೇರೆ ಬೇರೆ ಅನ್ನಿಸಿದರೂ ಬೇರು ಒಂದೇ. ದೇವರ ಕೆಲಸಕ್ಕೆ ಹೊರಗಿನಿಂದ ಬರುವ ರೊಕ್ಕ ಆಶೀರ್ವಾದವೋ, ಉರುಲೋ? ಇವತ್ತು ಮೊದಲು ವಾಕ್ಯ ನೋಡೋಣ, ಆಮೇಲೆ ನಮ್ಮ ಕನ್ನಡ ನಾಡಿನಲ್ಲೂ ಆಫ್ರಿಕಾದಲ್ಲೂ ನಿಜವಾಗಿ ನಡೆದದ್ದನ್ನು ನೋಡೋಣ, ಕೊನೆಗೆ ಮೂರು ಪ್ರಶ್ನೆಗೂ ಉತ್ತರಕ್ಕೆ ಬರೋಣ. ಸತ್ಯವೇದ ತೆರೆದು ಇಟ್ಟುಕೊಳ್ರಿ.

1. ವಾಕ್ಯದಲ್ಲಿ ರೊಕ್ಕ ಯಾವ ಕಡೆಗೆ ಹರಿಯಿತು?

ದೊಡ್ಡ ಸಭೆ ಸಣ್ಣ ಸಭೆಗೆ ಕೊಡುತ್ತದೆ, ಹಳೆಯ ಸಭೆ ಹೊಸ ಸಭೆಗೆ ಕೊಡುತ್ತದೆ, ಪಶ್ಚಿಮದವರು ಕೊಡುತ್ತಾರೆ, ನಾವು ಕೈ ಒಡ್ಡುತ್ತೇವೆ. ನಮ್ಮ ತಲೆಯಲ್ಲಿ ಇರುವ ಚಿತ್ರ ಇದೇ. ಆದರೆ ಅಪೊಸ್ತಲರ ಕೃತ್ಯಗಳು 11ನೇ ಅಧ್ಯಾಯ ನೋಡ್ರಿ. ಬರಗಾಲ ಬರುತ್ತದೆಂದು ಅಗಬನೆಂಬ ಪ್ರವಾದಿ ಪವಿತ್ರಾತ್ಮನ ಪ್ರೇರಣೆಯಿಂದ ತಿಳಿಸಿದಾಗ ಅಂತಿಯೋಕ್ಯದ ಶಿಷ್ಯರು ಏನು ಮಾಡಿದರು? ಪ್ರತಿಯೊಬ್ಬರು ತಮ್ಮ ಶಕ್ತಿಗೆ ತಕ್ಕಷ್ಟು ಕೂಡಿಸಿ ಯೂದಾಯದಲ್ಲಿದ್ದ ಸಹೋದರರಿಗೆ ಕಳಿಸಿದರು. ಅಂತಿಯೋಕ್ಯ ಹೊಸ ಸಭೆ, ಯೆರೂಸಲೇಮು ತಾಯಿ ಸಭೆ. ಸತ್ಯವೇದದಲ್ಲಿ ದೇಶ ದಾಟಿದ ಮೊದಲ ಸಭಾ ಕಾಣಿಕೆಯನ್ನು ಮಗಳು ತಾಯಿಗೆ ಕಳಿಸಿದಳು. ಅದನ್ನು ಒಯ್ದವರು ಬಾರ್ನಬ ಮತ್ತು ಸೌಲ.

2 ಕೊರಿಂಥ 8ರಲ್ಲಿ ಪೌಲನು ಮಕೆದೋನ್ಯದ ಸಭೆಗಳ ಮಾತು ಎತ್ತುತ್ತಾನೆ. ಅವರು ಶ್ರೀಮಂತರಲ್ಲ. ಕಡುಬಡತನದಲ್ಲಿದ್ದರು, ಹಿಂಸೆಯಲ್ಲಿದ್ದರು. ಆದರೂ ನಮಗೂ ಕೊಡುವ ಅವಕಾಶ ಕೊಡ್ರಿ ಎಂದು ಅವರೇ ಬೇಡಿಕೊಂಡರು. ಮೊದಲು ತಮ್ಮನ್ನು ಕರ್ತನಿಗೆ ಕೊಟ್ಟರು, ಆಮೇಲೆ ರೊಕ್ಕ ಕೊಟ್ಟರು. ಬಡವನಿಗೆ ಕೊಡುವ ಹಕ್ಕಿಲ್ಲ ಎಂದು ಯಾರೂ ಹೇಳಬಾರದು. ಕೊಡುವ ಅವಕಾಶವನ್ನು ಬಡವನಿಂದ ಕಿತ್ತುಕೊಳ್ಳುವುದೂ ಒಂದು ಅನ್ಯಾಯ.

ಅದೇ ಅಧ್ಯಾಯದಲ್ಲಿ ಇನ್ನೂ ಎರಡು ವಿಷಯ ಗುರುತು ಮಾಡಿಕೊಳ್ರಿ. 13ರಿಂದ 15ನೇ ವಚನಗಳಲ್ಲಿ ಪೌಲನು ಸಮಾನತೆಯ ಬಗ್ಗೆ ಮಾತಾಡುತ್ತಾನೆ. ಇವತ್ತು ನಿಮ್ಮ ಹತ್ತಿರ ಇದೆ, ಅವರಿಗೆ ಇಲ್ಲ. ನಾಳೆ ಅವರ ಹತ್ತಿರ ಇರುತ್ತದೆ, ನಿಮಗೆ ಬೇಕಾಗುತ್ತದೆ. ಅರಣ್ಯದ ಮನ್ನದ ಲೆಕ್ಕ ಅದು. 18ರಿಂದ 21ನೇ ವಚನಗಳಲ್ಲಿ ಲೆಕ್ಕಪತ್ರದ ವಿಷಯ ಬರುತ್ತದೆ. ತೀತನ ಸಂಗಡ ಸಭೆಗಳೇ ಆರಿಸಿದ ಸಹೋದರನೊಬ್ಬನು ಹೋಗುತ್ತಾನೆ. ಪೌಲನಂಥ ಅಭಿಷಿಕ್ತನೇ ಒಬ್ಬನೇ ಗಂಟು ಹೊತ್ತು ಹೋಗಲಿಲ್ಲ! ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ತನ್ನ ನಡತೆ ಸ್ವಚ್ಛವಾಗಿ ಕಾಣಬೇಕೆಂದು ಅವನು ಎಚ್ಚರಿಕೆ ವಹಿಸಿದನು. "ನಾನು ದೇವರಿಗೆ ಮಾತ್ರ ಲೆಕ್ಕ ಕೊಡ್ತೀನಿ" ಎನ್ನುವ ಸೇವಕನನ್ನು ಕಂಡರೆ ಈ ವಚನಗಳನ್ನು ನೆನಪಿಸಿಕೊಳ್ರಿ.

ಫಿಲಿಪ್ಪಿ 4ರಲ್ಲಿ ಪೌಲನೇ ಪಡೆಯುವವನು. ಆ ಸಭೆ ಅವನಿಗೆ ಮತ್ತೆ ಮತ್ತೆ ಸಹಾಯ ಕಳಿಸಿತು. ಎಪಫ್ರೊದೀತ ಅದನ್ನು ತರುವ ಸೇವೆಯಲ್ಲಿ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದನು. ಪೌಲನು ಸಂತೋಷದಿಂದ ತೆಗೆದುಕೊಂಡನು, ಆದರೆ ಅದರ ಮೇಲೆ ಆತುಕೊಳ್ಳಲಿಲ್ಲ. ಕೊರತೆಯಲ್ಲೂ ಸಮೃದ್ಧಿಯಲ್ಲೂ ಇರುವುದನ್ನು ಕಲಿತಿದ್ದನು. ಇನ್ನೊಂದು ಕಡೆ ಕೊರಿಂಥದಲ್ಲಿ ಕೇಳುವ ಹಕ್ಕಿದ್ದರೂ ಅವನು ಆ ಸಭೆಯಿಂದ ಸಂಬಳ ತೆಗೆದುಕೊಳ್ಳಲಿಲ್ಲ, ಗುಡಾರ ಹೊಲಿದನು, ಮಕೆದೋನ್ಯದಿಂದ ಬಂದ ಸಹಾಯದಿಂದ ನಡೆಸಿಕೊಂಡನು. ಯಾಕಂದ್ರ, ರೊಕ್ಕಕ್ಕಾಗಿ ಬಂದವನು ಎಂಬ ಮಾತು ಸುವಾರ್ತೆಗೆ ಅಡ್ಡಿಯಾಗಬಾರದು. ನೋಡ್ರಿ, ಹೊರಗಿನ ಸಹಾಯ ತೆಗೆದುಕೊಳ್ಳುವುದೂ ವಾಕ್ಯದಲ್ಲಿದೆ, ಬೇಡ ಎನ್ನುವುದೂ ವಾಕ್ಯದಲ್ಲಿದೆ. ಎಲ್ಲಿ ಯಾವುದು ಎಂಬುದನ್ನು ಸುವಾರ್ತೆಯ ಗೌರವವೇ ತೀರ್ಮಾನ ಮಾಡಿತು.

2. ಅರ್ಧ ಬಾಟ್ಸೆನ್: ಧಾರವಾಡಕ್ಕೂ ಆಫ್ರಿಕಾಕ್ಕೂ ಒಂದೇ ಚೀಲ

ನಮ್ಮ ನಾಡಿಗೆ ಬರೋಣ. ಬಾಸೆಲ್ ಮಿಷನ್ ಹೆಸರು ಕೇಳದ ಕನ್ನಡಿಗರು ಕಡಿಮೆ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದ ಸಂಸ್ಥೆ ಅದು. 1834ರಲ್ಲಿ ಅವರ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ನಂತರ ಗದಗಿನ ಬೆಟಗೇರಿ. 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಇದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರದು. 1894ರಲ್ಲಿ ಬಂದ ದೊಡ್ಡ ಕನ್ನಡ ನಿಘಂಟು ಫರ್ಡಿನಾಂಡ್ ಕಿಟೆಲ್ ಅವರದು.

ಆದರೆ ಇದೇ ಮಿಷನ್ ಭಾರತಕ್ಕಿಂತ ಮೊದಲು ಆಫ್ರಿಕಾಕ್ಕೆ ಹೋಗಿತ್ತು ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1828ರ ಡಿಸೆಂಬರಿನಲ್ಲಿ ನಾಲ್ಕು ಯುವಕರು ಇವತ್ತಿನ ಘಾನಾ ದೇಶದ ಕರಾವಳಿಯಲ್ಲಿ ಇಳಿದರು. ಆಗ ಅದಕ್ಕೆ ಗೋಲ್ಡ್ ಕೋಸ್ಟ್ ಎಂದು ಹೆಸರು. ಒಂದು ವರ್ಷ ತುಂಬುವ ಮೊದಲೇ ಮೂವರು ಜ್ವರದಿಂದ ತೀರಿಕೊಂಡರು, ನಾಲ್ಕನೆಯವರು 1831ರಲ್ಲಿ. ಮತ್ತೆ ಮೂವರು ಹೋದರು, ಇಬ್ಬರು ತೀರಿಕೊಂಡರು. ಉಳಿದ ಆಂಡ್ರಿಯಾಸ್ ರೀಸ್ ಒಳನಾಡಿನ ಅಕ್ರೊಪಾಂಗ್‌ಗೆ ಹೋಗಿ ನೆಲೆಸಿದರು. 1843ರಲ್ಲಿ ಮಿಷನ್ ಜಮೈಕಾ ಮತ್ತು ಆಂಟಿಗುವಾ ದ್ವೀಪಗಳಿಂದ ಕರಿಯ ಕ್ರೈಸ್ತ ಕುಟುಂಬಗಳನ್ನು ಕರೆತಂದಿತು. ಗುಲಾಮಗಿರಿಯ ಹಡಗಿನಲ್ಲಿ ಆ ಕಡೆ ಹೋದವರ ಮೊಮ್ಮಕ್ಕಳು ಸುವಾರ್ತೆ ಹೊತ್ತು ಈ ಕಡೆ ಬಂದರು. ಆಮೇಲೆ ಅಲ್ಲಿ ಸಭೆ ಬೇರೂರಿತು. ಕಿಟೆಲ್ ಇಲ್ಲಿ ಕನ್ನಡ ನಿಘಂಟಿಗಾಗಿ ಕಣ್ಣು ಸವೆಸುತ್ತಿದ್ದ ಕಾಲದಲ್ಲೇ ಅಲ್ಲಿ ಕ್ರಿಸ್ಟಾಲರ್ ಎಂಬ ಮಿಷನರಿ ಚ್ವಿ ಭಾಷೆಯಲ್ಲಿ ಸತ್ಯವೇದವನ್ನೂ ನಿಘಂಟನ್ನೂ ತಯಾರಿಸಿದರು.

ಇದಕ್ಕೆಲ್ಲ ರೊಕ್ಕ ಎಲ್ಲಿಂದ ಬಂತು? ದೊಡ್ಡ ವ್ಯಾಪಾರಿಗಳು ಕೊಟ್ಟರು, ನಿಜ. ಆದರೆ 1855ರಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಬಾಟ್ಸೆನ್ ಎಂಬುದು ಸ್ವಿಸ್ ಜನರ ಹಳೆಯ ಚಿಲ್ಲರೆ ನಾಣ್ಯ. ವಾರಕ್ಕೆ ಅರ್ಧ ಬಾಟ್ಸೆನ್ ಕೊಡುತ್ತೇನೆ ಎಂದು ಜನ ಹೆಸರು ಬರೆಸಬೇಕು, ಮನೆಮನೆಗೆ ಹೋಗಿ ಅದನ್ನು ಕೂಡಿಸಬೇಕು. ಸ್ವಿಟ್ಜರ್ಲೆಂಡಿನ ಮತ್ತು ದಕ್ಷಿಣ ಜರ್ಮನಿಯ ರೈತರು, ನೇಕಾರರು, ಮನೆಗೆಲಸದ ಹೆಣ್ಣುಮಕ್ಕಳು ಇಂಥ ಚಿಲ್ಲರೆಯನ್ನು ವಾರವಾರ ಎತ್ತಿಟ್ಟರು. ಅಂದರೆ ನಾವು ಫಾರಿನ್ ರೊಕ್ಕ ಎನ್ನುವುದರಲ್ಲಿ ಬಹಳ ಪಾಲು ಬಡವರ ರೊಕ್ಕ. ಧಾರವಾಡವನ್ನೂ ಅಕ್ರೊಪಾಂಗನ್ನೂ ಒಂದು ಸಲವೂ ನೋಡದ ಅಜ್ಜಿಯ ಅರ್ಧ ಬಾಟ್ಸೆನ್ ಎರಡೂ ಊರಿಗೆ ಮುಟ್ಟಿತು.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡದೆ ಹೇಳಬೇಕು. ಕ್ರಿಸ್ತನನ್ನು ನಂಬಿದವರನ್ನು ಜಾತಿಯವರು ಹೊರಹಾಕಿದಾಗ ಅವರಿಗೆ ದುಡಿಮೆ ಇರಲಿಲ್ಲ. ಅದಕ್ಕೆ ಮಿಷನ್ ನೇಯ್ಗೆ ಕಾರ್ಖಾನೆ ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಸಾವಿರಾರು ಮನೆ ಬದುಕಿಕೊಂಡವು. ಆದರೆ ಕೆಲಸ ಕೊಡುವವನೂ ಮಿಷನ್, ಮನೆ ಕೊಡುವವನೂ ಮಿಷನ್, ಬೋಧಿಸುವವನೂ ಮಿಷನ್ ಆದಾಗ ಸಭೆಯವರು ತಮ್ಮ ಕಾಲ ಮೇಲೆ ನಿಲ್ಲುವುದು ತಡವಾಗುತ್ತದೆ. 1914ರಲ್ಲಿ ಮೊದಲ ಮಹಾಯುದ್ಧ ಬಂತು. ಮಿಷನರಿಗಳಲ್ಲಿ ಜರ್ಮನರೇ ಹೆಚ್ಚು. ಬ್ರಿಟಿಷ್ ಸರ್ಕಾರ ಅವರನ್ನು ಬಂಧನದಲ್ಲಿಟ್ಟು ಹೊರಗೆ ಕಳಿಸಿತು, ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಎಂಬತ್ತು ವರ್ಷ ಹರಿದ ನಲ್ಲಿ ನಿಂತಿತು.

ಘಾನಾದಲ್ಲೂ ಅದೇ ಆಯಿತು. 1917ರ ಕೊನೆಯಲ್ಲಿ ಮಿಷನರಿಗಳನ್ನು ಗಡಿಪಾರು ಮಾಡಿದರು. ಸಭೆ ಸತ್ತಿತೇ? ಇಲ್ಲ! 1918ರಲ್ಲಿ ಅಲ್ಲಿನ ಸಭೆಯವರೇ ಸೇರಿ ಪೀಟರ್ ಹಾಲ್ ಅವರನ್ನು ತಮ್ಮ ಮೊದಲ ಮಾಡರೇಟರ್ ಆಗಿ ಆರಿಸಿಕೊಂಡರು. ಅವರು ಯಾರು? ಜಮೈಕಾದಿಂದ ಬಂದ ಆ ಕುಟುಂಬಗಳಲ್ಲೊಂದರ ಮಗ. ಮಿಷನ್ನಿನ ಕಮ್ಮಾರಶಾಲೆಯಲ್ಲಿ ಕೆಲಸ ಕಲಿತಿದ್ದ ತೆತ್ತೆ ಕ್ವಾರ್ಶಿ ಎಂಬ ಸ್ಥಳೀಯ ಮನುಷ್ಯ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಕೋಕೋ ಬೀಜ ತಂದು ನೆಟ್ಟಿದ್ದನು. ಅದೇ ಬೆಳೆ ಆ ದೇಶದ ರೈತರ ಕೈಯಲ್ಲಿ ರೊಕ್ಕ ಓಡಾಡುವಂತೆ ಮಾಡಿತು. ಹೊರಗಿನ ಸಹಾಯ ನಿಂತ ಮೇಲೆ ಏನು ಉಳಿಯಿತು ಎಂದು ನೋಡ್ರಿ: ಜನರ ಭಾಷೆಯಲ್ಲಿ ದೇವರ ವಾಕ್ಯ, ಜನರೊಳಗಿಂದಲೇ ಎದ್ದ ನಾಯಕರು, ಕೈಯಲ್ಲಿ ಒಂದು ಕಸುಬು. ಸಹಾಯ ಕೊಡುವಾಗಲೂ ಪಡೆಯುವಾಗಲೂ ಈ ಮೂರು ಬೆಳೆಯುತ್ತಿವೆಯೇ ಎಂದು ಕೇಳಬೇಕು.

3. ರಮಾಬಾಯಿ ಮತ್ತು ನಮ್ಮ ಕಲಬುರಗಿ

ಈಗ ಇನ್ನೂ ಹತ್ತಿರ ಬರೋಣ. ಪಂಡಿತಾ ರಮಾಬಾಯಿ ಅವರನ್ನು ಮಹಾರಾಷ್ಟ್ರದವರು ಎಂದೇ ಎಲ್ಲರೂ ತಿಳಿದಿದ್ದಾರೆ. ಹುಟ್ಟಿದ್ದು ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ಹುಡುಗಿ. ಆಮೇಲೆ ಎಳೆಯ ವಯಸ್ಸಿನ ವಿಧವೆ, ಕೈಯಲ್ಲಿ ಒಂದು ಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು.

ಅವರು ಅಮೆರಿಕಕ್ಕೆ ಹೋಗಿ ಭಾರತದ ವಿಧವೆಯರ ಸ್ಥಿತಿಯನ್ನು ಊರೂರಿಗೆ ಹೇಳಿದಾಗ 1887ರಲ್ಲಿ ಬೋಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಶನ್ ಹುಟ್ಟಿತು. ಅದರ ಕೆಳಗೆ ಅಲ್ಲಲ್ಲಿ ರಮಾಬಾಯಿ ಬಳಗಗಳು. ಬಳಗದ ಸದಸ್ಯರು ವರ್ಷಕ್ಕೆ ಒಂದು ಡಾಲರ್‌ನಂತೆ ಹತ್ತು ವರ್ಷ ಕೊಡುತ್ತೇವೆಂದು ಮಾತು ಕೊಟ್ಟರು. ಆ ರೊಕ್ಕದಿಂದ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಷರತ್ತು ಏನು? ಶಾಲೆಯಲ್ಲಿ ಧರ್ಮಬೋಧನೆ ಇರಬಾರದು. ರಮಾಬಾಯಿ ಒಪ್ಪಿದರು, ಹಾಗೇ ನಡೆದರು. ಆದರೆ ತಮ್ಮ ಸ್ವಂತ ಕೋಣೆಯಲ್ಲಿ ತಾವು ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕಿಕೊಳ್ಳಲಿಲ್ಲ. ಕೆಲವು ಹುಡುಗಿಯರು ಬಂದು ಕೂಡತೊಡಗಿದರು. ಗದ್ದಲ ಎದ್ದಿತು. 1893ರಲ್ಲಿ ಇಲ್ಲಿನ ಸಲಹಾ ಮಂಡಳಿಯ ದೊಡ್ಡವರು ರಾಜೀನಾಮೆ ಕೊಟ್ಟರು, ಪತ್ರಿಕೆಗಳಲ್ಲಿ ಟೀಕೆ ಬಂತು, ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಇಲ್ಲಿ ಎರಡು ಪಾಠ ಇವೆ, ಎರಡನ್ನೂ ಹಿಡಿದುಕೊಳ್ರಿ. ಒಂದು, ದಾನಿಗೆ ಕೊಟ್ಟ ಮಾತನ್ನು ಅವರು ಮುರಿಯಲಿಲ್ಲ. ತರಗತಿಯಲ್ಲಿ ಬೋಧಿಸಲಿಲ್ಲ, ಯಾರಿಗೂ ಆಮಿಷ ಒಡ್ಡಲಿಲ್ಲ. ಎರಡು, ದಾನಿಗೆ ಹೆದರಿ ತಮ್ಮ ಪ್ರಾರ್ಥನೆಯ ಬಾಗಿಲನ್ನೂ ಮುಚ್ಚಲಿಲ್ಲ. ರೊಕ್ಕ ತೆಗೆದುಕೊಂಡವರು ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನು ಕಳೆದುಕೊಳ್ಳುತ್ತಾರೆ, ಮಾತನ್ನೋ ಮನಸ್ಸಾಕ್ಷಿಯನ್ನೋ.

ಮೂರನೆಯ ಪಾಠ ನಿಮ್ಮಂಥ ಲೆಕ್ಕ ಬಲ್ಲವರಿಗೆ. ಹತ್ತು ವರ್ಷದ ಮಾತು 1898ಕ್ಕೆ ಮುಗಿಯುತ್ತದೆ ಎಂದು ರಮಾಬಾಯಿಗೆ ಗೊತ್ತಿತ್ತು. ಅದಕ್ಕೇ ಅವರು ಮೊದಲೇ ಪುಣೆಯ ಹತ್ತಿರ ಕೆಡಗಾಂವದಲ್ಲಿ ಜಮೀನು ಹಿಡಿದು ಹಣ್ಣಿನ ಗಿಡ ನೆಟ್ಟರು. ಸಹಾಯ ನಿಂತ ದಿನ ತೋಟ ಕೈಹಿಡಿಯಲಿ ಎಂದು. ಅದೇ ನೆಲದಲ್ಲಿ ಮುಂದೆ ಮುಕ್ತಿ ಮಿಷನ್ ಎದ್ದಿತು. 1896-97ರ ಮತ್ತು 1900ರ ಬರಗಾಲಗಳಲ್ಲಿ ಹಸಿವಿನಿಂದ ಸಾಯುತ್ತಿದ್ದ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಅಲ್ಲಿ ಉಳಿದುಕೊಂಡರು. ಬರೀ ಉಂಡು ಕೂತವರಲ್ಲ. ನೇಯ್ದರು, ಹೊಲ ಮಾಡಿದರು, ದನ ಕಟ್ಟಿದರು, ಅಚ್ಚಿನ ಮೊಳೆ ಜೋಡಿಸಿದರು. ರಮಾಬಾಯಿ ಮರಾಠಿಗೆ ಅನುವಾದಿಸಿದ ಸತ್ಯವೇದವನ್ನು ಮುದ್ರಿಸಿದ್ದು ಆ ಹೆಣ್ಣುಮಕ್ಕಳೇ.

ಈಗ ಪೆಂತೆಕೊಸ್ತರಾದ ನಾವು ಮರೆಯಬಾರದ ಸಂಗತಿ. 1905ರ ಜೂನ್ ಕೊನೆಯಲ್ಲಿ ಆ ಮುಕ್ತಿಯಲ್ಲಿ ಉಜ್ಜೀವನ ಬಂತು. ಅಮೆರಿಕದ ಅಜುಸಾ ಬೀದಿಯ ಉಜ್ಜೀವನಕ್ಕಿಂತ ಒಂದು ವರ್ಷ ಮೊದಲು! ಅಲ್ಲಿ ಸೇವೆ ಮಾಡುತ್ತಿದ್ದ ಮಿನ್ನಿ ಏಬ್ರಾಮ್ಸ್ 1906ರಲ್ಲಿ ಆ ಆತ್ಮಾಭಿಷೇಕದ ಬಗ್ಗೆ ಸಣ್ಣ ಪುಸ್ತಕ ಬರೆದು, ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿದ್ದ ತಮ್ಮ ಹಳೆಯ ಸಹಪಾಠಿ ಮೇ ಹೂವರ್ ಅವರಿಗೆ ಕಳಿಸಿದರು. ಅದನ್ನು ಓದಿ ಆ ದಂಪತಿಗಳು ಪ್ರಾರ್ಥಿಸತೊಡಗಿದರು. 1909ರಲ್ಲಿ ವಾಲ್ಪರಾಯ್ಸೊ ಪಟ್ಟಣದಲ್ಲಿ ಬೆಂಕಿ ಹೊತ್ತಿತು, ಚಿಲಿಯ ಪೆಂತೆಕೊಸ್ತ ಸಭೆಗಳು ಹುಟ್ಟಿದವು. ಅಮೆರಿಕದ ಡಾಲರ್ ಇಲ್ಲಿಗೆ ಬಂತು. ಇಲ್ಲಿನ ಅನಾಥ ಹುಡುಗಿಯರ ಪ್ರಾರ್ಥನೆಯ ಕಿಡಿ ಪ್ರಪಂಚದ ಇನ್ನೊಂದು ತುದಿಗೆ ಹೋಯಿತು. ರೋಮಾಪುರ 15:27ರಲ್ಲಿ ಪೌಲನು ಹೇಳುವ ಲೆಕ್ಕ ಇದೇ. ಒಬ್ಬರು ಆತ್ಮಿಕವಾದದ್ದನ್ನು ಹಂಚುತ್ತಾರೆ, ಇನ್ನೊಬ್ಬರು ಶರೀರಕ್ಕೆ ಬೇಕಾದದ್ದನ್ನು ಹಂಚುತ್ತಾರೆ. ಇಬ್ಬರೂ ಸಾಲಗಾರರು, ಇಬ್ಬರೂ ದಾನಿಗಳು. ಹಲ್ಲೆಲೂಯಾ!

ಇದರಲ್ಲಿ ಕಲಬುರಗಿ ಎಲ್ಲಿ ಬಂತು ಅಂತೀರಾ? 1912-13ರ ಹೊತ್ತಿಗೆ ರಮಾಬಾಯಿ ನಮ್ಮ ಇದೇ ಗುಲ್ಬರ್ಗದಲ್ಲಿ ಕ್ರೈಸ್ತ ಪ್ರೌಢಶಾಲೆಯೊಂದನ್ನು ಆರಂಭಿಸಿದರು. ಆಗ ಇದು ನಿಜಾಮರ ರಾಜ್ಯ. ಮಗಳು ಮನೋರಮಾಬಾಯಿ ಅದರ ಹೊಣೆ ಹೊತ್ತರು. ಮನೋರಮಾಬಾಯಿ 1921ರಲ್ಲಿ ತೀರಿಕೊಂಡರು, ತಾಯಿ 1922ರ ಏಪ್ರಿಲ್‌ನಲ್ಲಿ. ಗಮನಿಸ್ರಿ, ಒಂದು ಕಾಲದಲ್ಲಿ ಬೋಸ್ಟನ್ನಿನಿಂದ ಸಹಾಯ ಪಡೆದ ಹೆಣ್ಣುಮಗಳು ಮುಂದೆ ಇನ್ನೊಂದು ಹಿಂದುಳಿದ ಜಿಲ್ಲೆಗೆ ಕೊಡುವವಳಾದಳು. ಆ ಕೊಡುಗೆ ಪಡೆದ ಊರು ನಮ್ಮದು. ಹಾಗಾದರೆ ನಮ್ಮ ಸರದಿ ಯಾವಾಗ?

4. ಹೊರಗಿನ ರೊಕ್ಕವೇ ಇಲ್ಲದ ಕೆಲಸ

ರೊಕ್ಕ ಇಲ್ಲದಿದ್ದರೆ ಸೇವೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ವಿಲಿಯಂ ವಾಡೆ ಹ್ಯಾರಿಸ್ ಅವರ ಸಂಗತಿ ಹೇಳ್ರಿ. ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಗ್ರೆಬೋ ಜನಾಂಗದವರು. 1913ರಲ್ಲಿ ಕೈಯಲ್ಲಿ ಶಿಲುಬೆಯ ಕೋಲು, ಒಂದು ಸತ್ಯವೇದ, ನೀರಿಗೆ ಒಂದು ಸೋರೆ ಬುರುಡೆ ಹಿಡಿದು ಬರಿಗಾಲಲ್ಲಿ ಐವರಿ ಕೋಸ್ಟಿಗೆ ಹೊರಟರು. ಅವರ ಹಿಂದೆ ಯಾವ ಸಂಸ್ಥೆಯೂ ಇಲ್ಲ, ಯಾವ ದಾನಿಯೂ ಇಲ್ಲ. ಒಂದೂವರೆ ವರ್ಷದಲ್ಲಿ ಸುಮಾರು ಒಂದು ಲಕ್ಷ ಜನ ದೀಕ್ಷಾಸ್ನಾನ ತೆಗೆದುಕೊಂಡರು. ಫ್ರೆಂಚ್ ಸರ್ಕಾರ ಅವರನ್ನು ದೇಶದಿಂದ ಹೊರಹಾಕಿತು. ಹತ್ತು ವರ್ಷದ ನಂತರ 1924ರಲ್ಲಿ ಮೆಥೊಡಿಸ್ಟ್ ಮಿಷನರಿಗಳು ಅಲ್ಲಿ ಹೋದಾಗ ಹಳ್ಳಿ ಹಳ್ಳಿಯಲ್ಲಿ ಸಭೆಗಳು ವಾಕ್ಯ ಕಲಿಸುವವರಿಗಾಗಿ ಕಾದು ಕುಳಿತಿದ್ದವು. ಹ್ಯಾರಿಸ್ ಬಿತ್ತಿದರು, ಮಿಷನ್ ನೀರೆರೆಯಿತು. ಬೆಳೆಸಿದವನು ದೇವರು. ಹಾಗಂತ ಕಲಿಸುವವರು ಬೇಡ, ಸಹಾಯ ಬೇಡ ಎಂದಲ್ಲ. ಆದರೆ ಬೀಜ ರೊಕ್ಕದಲ್ಲಿ ಇರಲಿಲ್ಲ.

ನಮ್ಮ ದೇಶದಲ್ಲೇ ಮಿಜೋರಾಂ ಇದೆ. ವೇಲ್ಸ್‌ನಿಂದ ಮಿಷನರಿಗಳು ಬಂದು ಸುವಾರ್ತೆ ಸಾರಿದ ಬೆಟ್ಟದ ನಾಡು. ಅಲ್ಲಿನ ಹೆಣ್ಣುಮಕ್ಕಳು 1910ರ ಹೊತ್ತಿಗೆ ಒಂದು ಪದ್ಧತಿ ಶುರು ಮಾಡಿದರು, ಅದಕ್ಕೆ ಬುಹ್‌ಫಾಯ್ ಥಾಮ್ ಎನ್ನುತ್ತಾರೆ. ಪ್ರತಿ ಹೊತ್ತು ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುವುದು. ಅದನ್ನು ಕೂಡಿಸಿ ಮಾರಿ ಸೇವೆಗೆ ಕೊಡುವುದು. ನೂರು ವರ್ಷ ದಾಟಿದರೂ ಅದು ನಿಂತಿಲ್ಲ. ಒಂದು ಕಾಲದಲ್ಲಿ ಮಿಷನರಿಗಳನ್ನು ಪಡೆದ ಆ ಸಣ್ಣ ರಾಜ್ಯ ಇವತ್ತು ದೇಶದ ಬೇರೆ ರಾಜ್ಯಗಳಿಗೆ ಮಿಷನರಿಗಳನ್ನು ಕಳಿಸುತ್ತಿದೆ. ಉಣ್ಣುವುದಕ್ಕೆ ಇದೆ ಎಂದರೆ ಕೊಡುವುದಕ್ಕೂ ಇದೆ ಎಂಬುದು ಆ ತಾಯಂದಿರ ಲೆಕ್ಕ.

5. ಈಗ ನಿಮ್ಮ ಮೂರು ಪ್ರಶ್ನೆ

ಮೊದಲನೆಯದು, ವಾಟ್ಸಾಪ್‌ನಲ್ಲಿ ಬಂದ ಬೇಡಿಕೆ. ಆಫ್ರಿಕಾದ ಹಳ್ಳಿಗಳಲ್ಲಿ ನಿಜವಾಗಿ ಕಷ್ಟಪಡುವ ಸೇವಕರು ಬಹಳ ಇದ್ದಾರೆ. ಅವರ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ಆದ್ದರಿಂದ 2 ಕೊರಿಂಥ 8ರ ಅಳತೆ ಹಿಡಿಯಿರಿ. ಆ ಸೇವಕರನ್ನು ಬಲ್ಲ ಸಭೆ ಯಾವುದು? ಅವರ ಬಗ್ಗೆ ಸಾಕ್ಷಿ ಹೇಳುವ ಎರಡನೆಯ ಮನುಷ್ಯ ಯಾರು? ರೊಕ್ಕ ಒಬ್ಬರ ಸ್ವಂತ ಖಾತೆಗೆ ಹೋಗುತ್ತದೋ, ಸಭೆಯ ಖಾತೆಗೋ? ಲೆಕ್ಕ ಯಾರು ನೋಡುತ್ತಾರೆ? ಇವತ್ತೇ ಕಳಿಸಬೇಕು, ಯಾರಿಗೂ ಹೇಳಬೇಡ್ರಿ ಎಂದು ಅವಸರ ಮಾಡಿದರೆ ಅಲ್ಲೇ ನಿಲ್ಲಿಸ್ರಿ. ಸಭೆಯ ರೊಕ್ಕವನ್ನು ಹೊರದೇಶಕ್ಕೆ ಕಳಿಸುವುದಕ್ಕೆ ಕಾನೂನಿನ ನಿಯಮಗಳಿವೆ, ಲೆಕ್ಕಪರಿಶೋಧಕರನ್ನು ಕೇಳದೆ ಒಂದು ರೂಪಾಯಿಯನ್ನೂ ಕಳಿಸುವಂತಿಲ್ಲ. ಮತ್ತೆ ಆ ಫೋಟೋಗಳು: ಮೂಗು ಸೋರುವ, ಹೊಟ್ಟೆ ಉಬ್ಬಿದ ಮಗುವಿನ ಫೋಟೋ ದಯವಿಟ್ಟು ಫಾರ್ವರ್ಡ್ ಮಾಡಬೇಡ್ರಿ. ನಿಮ್ಮ ತಂಗಿಯ ಫೋಟೋವನ್ನು ಹಾಗೆ ಯಾರಾದರೂ ಊರಿಗೆಲ್ಲ ತೋರಿಸಿದರೆ ಒಪ್ಪುತ್ತೀರಾ? ಆ ಮಗುವೂ ದೇವರ ರೂಪದಲ್ಲಿ ಉಂಟಾದದ್ದು.

ಎರಡನೆಯದು, ಆಫೀಸಿನ ಮಾತು. ಸಿಟ್ಟಾಗಬೇಡ್ರಿ, ಮುಚ್ಚಿಡಲೂ ಬೇಡ್ರಿ. ಹೊರದೇಶದ ಕಾಣಿಕೆ ಪಡೆಯುವುದಕ್ಕೆ ನಮ್ಮ ದೇಶದಲ್ಲಿ ಕಾನೂನು ಇದೆ, ಎಫ್‌ಸಿಆರ್‌ಎ ಅಂತಾರೆ. ಈಗಿನ ಕಾಯ್ದೆ 2010ರದು, ತಿದ್ದುಪಡಿ 2020ರದು. ನೋಂದಣಿ ಬೇಕು. ರೊಕ್ಕ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ನೂರಕ್ಕೆ 20 ಮೀರುವಂತಿಲ್ಲ. ಇದು ಕ್ರೈಸ್ತರಿಗೆ ಮಾತ್ರ ಮಾಡಿದ ನಿಯಮವಲ್ಲ, ಹೊರಗಿನ ದೇಣಿಗೆ ಪಡೆಯುವ ಬೇರೆ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ನಮ್ಮ ಈ ಸಭೆಯ ಬಾಡಿಗೆ, ಕರೆಂಟ್ ಬಿಲ್, ಕುರ್ಚಿ, ಮೈಕು ಎಲ್ಲ ನಿಮ್ಮ ಪಗಾರದಿಂದ, ನಿಮ್ಮ ತಾಯಂದಿರ ಕೂಲಿಯಿಂದ ಬಂದದ್ದು. ವರ್ಷದ ಲೆಕ್ಕ ಬಾಗಿಲ ಹತ್ತಿರದ ಬೋರ್ಡಿನಲ್ಲಿ ಹಚ್ಚಿದೆ. ಕೇಳಿದವರನ್ನು ಕರಕೊಂಡು ಬಂದು ತೋರಿಸ್ರಿ. ಮತ್ತು ಇದನ್ನೂ ಸ್ಪಷ್ಟವಾಗಿ ಹೇಳ್ರಿ: ರೊಕ್ಕ ಕೊಟ್ಟು ಯಾರನ್ನೂ ಕ್ರಿಸ್ತನ ಹತ್ತಿರ ತರುವುದಕ್ಕೆ ಆಗುವುದಿಲ್ಲ. ರೊಕ್ಕದಿಂದ ಆತ್ಮನ ವರವನ್ನು ಕೊಳ್ಳಬಹುದೆಂದುಕೊಂಡ ಸೀಮೋನನನ್ನು ಪೇತ್ರನು ಗದರಿಸಿದನು. ನಾಮಾನನು ಗುಣವಾದ ಮೇಲೆ ಎಲೀಷನು ಕಾಣಿಕೆ ಮುಟ್ಟಲಿಲ್ಲ, ಹಿಂದೆ ಓಡಿಹೋಗಿ ಇಸಕೊಂಡ ಗೇಹಜಿಗೆ ಕುಷ್ಠ ಬಂತು. ಕೊಂಡ ನಂಬಿಕೆ ನಂಬಿಕೆಯಲ್ಲ.

ಮೂರನೆಯದು, ನಮ್ಮ ಸಹೋದರರು. ಅವರು ಹೊಲದ ಕೆಲಸ ಮುಗಿಸಿ ಬರುವ ಜನರಿಗೆ ರಾತ್ರಿ ಪ್ರಾರ್ಥನಾ ಕೂಟ ನಡೆಸುತ್ತಾರೆ, ಸಂಜೆ ಹತ್ತಿಪ್ಪತ್ತು ಮಕ್ಕಳಿಗೆ ಜಾತಿ ಮತ ನೋಡದೆ ಗಣಿತ, ಇಂಗ್ಲಿಷ್ ಹೇಳಿಕೊಡುತ್ತಾರೆ. ಅವರ ಮನೆಯವರು ಬಟ್ಟೆ ಹೊಲಿಯುತ್ತಾರೆ. ಸಹಾಯ ನಿಂತ ಮೇಲೆ ಅವರು ನನಗೆ ಫೋನ್ ಮಾಡಿ ರೊಕ್ಕ ಕೇಳಲಿಲ್ಲ, ಪ್ರಾರ್ಥಿಸ್ರಿ ಅಂದರು. ಇಷ್ಟು ವರ್ಷ ಅವರಿಗೆ ಕೊಟ್ಟ ಆ ದೂರದ ಸಭೆಗೆ ನಾವು ಮೊದಲು ಕೃತಜ್ಞತೆಯ ಪತ್ರ ಬರೆಯಬೇಕು. ಆಮೇಲೆ ಲೆಕ್ಕ ಮಾಡೋಣ. ಎಂಟು ಸಾವಿರ ರೂಪಾಯಿ. ಈ ಕೂಟದಲ್ಲಿ ದುಡಿಯುವವರು 32 ಜನ. ತಲೆಗೆ ತಿಂಗಳಿಗೆ 250 ರೂಪಾಯಿ. ಎರಡು ಸಲ ಹೊರಗಡೆ ಬಿರಿಯಾನಿ ತಿಂದರೆ ಆಗುವ ಖರ್ಚು. ಕುಸನೂರಿನಿಂದ ಕಮಲಾಪುರಕ್ಕೆ ಎಷ್ಟು ದೂರ? ಬೈಕಿನಲ್ಲಿ ಮುಂಜಾನೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಇಷ್ಟು ಹತ್ತಿರದ ಹಳ್ಳಿಗೆ ಏಳು ಸಮುದ್ರ ದಾಟಿ ಸಹಾಯ ಬರಬೇಕೇನ್ರಿ?

ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ, ತೀರ್ಮಾನ ನಿಮ್ಮದು. ಮೊದಲ ವರ್ಷ ತಿಂಗಳಿಗೆ ಎಂಟು ಸಾವಿರ, ಎರಡನೆಯ ವರ್ಷ ಆರು, ಮೂರನೆಯ ವರ್ಷ ನಾಲ್ಕು. ಉಳಿದದ್ದನ್ನು ಆ ಹಳ್ಳಿಯ ಕೂಟವೇ ಸ್ವಲ್ಪ ಸ್ವಲ್ಪ ಹೊರುವುದನ್ನು ಕಲಿಯಲಿ. ಅಲ್ಲಿನ ಜನ ಬಡವರು, ಹೌದು, ಮಕೆದೋನ್ಯದವರೂ ಬಡವರೇ. ರೊಕ್ಕ ಇಲ್ಲದವರು ಮನೆಯಲ್ಲಿ ರೊಟ್ಟಿಗೆ ಹಿಟ್ಟು ಬೀಸುವ ಮುಂಚೆ ಒಂದು ಹಿಡಿ ಜೋಳ ಎತ್ತಿಡಲಿ, ಮಿಜೋ ತಾಯಂದಿರ ಹಾಗೆ. ಲೆಕ್ಕವನ್ನು ನಿಮ್ಮಲ್ಲಿ ಇಬ್ಬರು, ಆ ಹಳ್ಳಿಯವರಲ್ಲಿ ಒಬ್ಬರು ನೋಡಲಿ. ಮೂರು ತಿಂಗಳಿಗೊಮ್ಮೆ ಸಹೋದರರು ಇಲ್ಲಿ ಬಂದು ನಮಗೆ ಪ್ರಾರ್ಥಿಸುವುದನ್ನು ಕಲಿಸಲಿ. ಅವರ ಉಪವಾಸ ಪ್ರಾರ್ಥನೆಯ ಆಳ ನಮ್ಮಲ್ಲಿ ಇಲ್ಲ. ನಾವು ಬರೀ ಕೊಡುವವರಾಗಿ ಕುಳಿತರೆ ದೊಡ್ಡಸ್ತಿಕೆ ಬರುತ್ತದೆ, ಪಡೆಯುವುದೂ ಇದ್ದರೆ ಸಹೋದರತ್ವ ಉಳಿಯುತ್ತದೆ.

ಒಂದು ಎಚ್ಚರಿಕೆ. ಇವತ್ತಿನ ಉತ್ಸಾಹದಲ್ಲಿ ಕೈ ಎತ್ತಿ, ಎರಡು ತಿಂಗಳಿಗೆ ಮರೆತರೆ ಅವರ ಮನೆಯ ಒಲೆ ಆರುತ್ತದೆ. 2 ಕೊರಿಂಥ 8:10-11ರಲ್ಲಿ ಪೌಲನು ಕೊರಿಂಥದವರಿಗೆ ಇದನ್ನೇ ನೆನಪಿಸುತ್ತಾನೆ. ಹೋದ ವರ್ಷ ಮನಸ್ಸು ಮಾಡಿದಿರಿ, ಈಗ ಅದನ್ನು ಮುಗಿಸಿ ತೋರಿಸಿರಿ ಎಂಬುದು ಅವನ ಮಾತಿನ ಅರ್ಥ. 250 ಆಗದವರು 50 ಬರೆಸ್ರಿ, ಆದರೆ ಬರೆಸಿದ್ದನ್ನು ಪಗಾರ ಬಂದ ದಿನವೇ ಎತ್ತಿಡ್ರಿ. ಕೆಲಸ ಸಿಗದೆ ಮನೆಯಲ್ಲಿ ಇರುವವರು ನಾಚಿಕೊಳ್ಳಬೇಡ್ರಿ. ತಿಂಗಳಿಗೆ ಒಂದು ಶನಿವಾರ ಹೋಗಿ ಆ ಮಕ್ಕಳಿಗೆ ಪಾಠ ಹೇಳಿಕೊಡ್ರಿ, ಅದೂ ಕಾಣಿಕೆಯೇ.

ಮನೆಯಲ್ಲಿ ಕುಳಿತು ಯೋಚಿಸುವುದಕ್ಕೆ

1. ಅಪೊಸ್ತಲರ ಕೃತ್ಯಗಳು 11:27-30 ಓದಿರಿ. ಅಂತಿಯೋಕ್ಯದವರು ಕೇಳುವ ಮೊದಲೇ ಯಾಕೆ ಕೊಟ್ಟರು?
2. ನಾನು ಇಲ್ಲಿಯವರೆಗೆ ಯಾರಿಂದ ಪಡೆದಿದ್ದೇನೆ? ಅವರಿಗಾಗಿ ಕೊನೆಯ ಸಲ ಯಾವಾಗ ಪ್ರಾರ್ಥಿಸಿದೆ?
3. ನನ್ನ ತಿಂಗಳ ಖರ್ಚಿನಲ್ಲಿ ನನ್ನ "ಅರ್ಧ ಬಾಟ್ಸೆನ್" ಯಾವುದು?
4. ಆ ಹಳ್ಳಿಯ ಕೂಟದಿಂದ ನಾವು ಏನು ಕಲಿಯಬೇಕಾಗಿದೆ?

ಪ್ರಾರ್ಥನೆ ಮಾಡೋಣ. ಪ್ರೀತಿಯ ತಂದೆಯೇ, ಹೆಸರು ಗೊತ್ತಿಲ್ಲದ ಎಷ್ಟೋ ಬಡ ಕೈಗಳ ಮೂಲಕ ನಿನ್ನ ವಾಕ್ಯವನ್ನು ನಮ್ಮ ಭಾಷೆಗೂ ನಮ್ಮ ಊರಿಗೂ ಮುಟ್ಟಿಸಿದ್ದಕ್ಕಾಗಿ ಸ್ತೋತ್ರ. ಆಫ್ರಿಕಾದ ಹಳ್ಳಿಗಳಲ್ಲಿ ಇಂದು ಸೇವೆ ಮಾಡುತ್ತಿರುವ ನಿನ್ನ ಮಕ್ಕಳನ್ನು ಬಲಪಡಿಸು. ಕಮಲಾಪುರದ ಕಡೆಯ ನಮ್ಮ ಸಹೋದರರ ಮನೆಯನ್ನು ನೋಡಿಕೋ ಕರ್ತನೇ. ಪಡೆದು ಪಡೆದು ರೂಢಿಯಾದ ನಮ್ಮ ಕೈಗಳಿಗೆ ಕೊಡುವುದನ್ನು ಕಲಿಸು. ನಾವು ಕೊಟ್ಟ ಮಾತನ್ನು ನಡೆಸುವ ಹಾಗೆ ಪವಿತ್ರಾತ್ಮನ ಸಹಾಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಯಾರೂ ಹೋಗಬೇಡ್ರಿ. ಹೆಸರು ಬರೆಸುವ ಪುಸ್ತಕ ಮೇಜಿನ ಮೇಲೆ ಇರುತ್ತದೆ. ದೇವರು ನಿಮ್ಮನ್ನು ಆಶೀರ್ವದಿಸಲಿ.